ಐದು ಜನ, 20 ಸಾವಿರ, ಮೇ ತಿಂಗಳು: ಊಟಿ ಆಗುತ್ತಾ?

ಪ್ರಶ್ನೆ: ನಾನು ಕಾರಟಗಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಐದು ಜನ. ನಾನು, ಹೆಂಡತಿ, 13 ವರ್ಷದ ಮಗಳು, 8 ವರ್ಷದ ಮಗ, 66 ವರ್ಷದ ಅವ್ವ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಮದುವೆಯಾಗಿ ಹದಿನೈದು ವರ್ಷ ಆಯಿತು, ಎಲ್ಲರೂ ಸೇರಿ ಒಂದು ಟೂರ್ ಅಂತ ಹೋಗಿಲ್ಲ. ಈ ಮೇ ರಜೆಯಲ್ಲಿ ಊಟಿಗೇ ಹೋಗಬೇಕು ಅಂತ ಮಕ್ಕಳ ಹಟ. ಮೊಬೈಲ್‌ನಲ್ಲಿ ಒಬ್ಬರಿಗೆ 5,999 ರೂಪಾಯಿ, ಎರಡು ರಾತ್ರಿ ಮೂರು ಹಗಲು ಅಂತ ಒಂದು ಪ್ಯಾಕೇಜ್ ಬಂದಿದೆ. ಹೆಂಡತಿಗೆ ಸಮುದ್ರ ನೋಡುವ ಆಸೆ. ಅವ್ವ ಧರ್ಮಸ್ಥಳ ಅನ್ನುತ್ತಾಳೆ. ಹೆಂಡತಿಯ ತಮ್ಮ ಗೋವಾ ಅಗ್ಗ ಅನ್ನುತ್ತಾನೆ. ಕೈಯಲ್ಲಿ 12 ಸಾವಿರ ಇದೆ, ಇನ್ನು 8 ಸಾವಿರ ಕೈಗಡ ತಂದರೆ 20 ಸಾವಿರ ಆಗುತ್ತದೆ. ಗೆಳೆಯನೊಬ್ಬ ತನ್ನ ಕಾರನ್ನು ಕಡಿಮೆ ಬಾಡಿಗೆಗೆ ಕೊಡುತ್ತೇನೆ ಅಂದಿದ್ದಾನೆ. ಯಾವ ಊರಿಗೆ ಹೋಗಲಿ?

ಉತ್ತರ: ನೀವು ಮೂರು ಊರಿನ ಹೆಸರು ಬರೆದಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಮಾತ್ರ ಆ 8 ಸಾವಿರ ಕೈಗಡ. ಹದಿನೈದು ವರ್ಷಕ್ಕೊಮ್ಮೆ ಹೋಗುವ ಟೂರು, ಸಾಲ ಮಾಡಿ ಹೋಗಿ, ಅಲ್ಲಿ ಯಾರೋ ಒಬ್ಬರು ಮುಖ ಗಂಟು ಹಾಕಿಕೊಂಡು ಕೂತರೆ ಹೇಗಿರುತ್ತೆ ಅನ್ನೋ ಭಯ ನಿಮಗಿದೆ. ನೀವು ಹಾಗಂತ ಬರೆದಿಲ್ಲ, ಆದರೆ ಗಂಗಾವತಿಯಲ್ಲಿ ಟ್ರಾವೆಲ್ಸ್ ಅಂಗಡಿ ಇಟ್ಟುಕೊಂಡು 22 ವರ್ಷ ಕೂತಿರುವ ನನಗೆ ಅದು ಕಾಣುತ್ತದೆ. ನಮ್ಮ ಅಂಗಡಿಗೆ ಬರುವ ಹತ್ತು ಮನೆಯವರಲ್ಲಿ ಎಂಟು ಮನೆಯವರ ಕಥೆ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಊರು ಮೊದಲು ಆರಿಸುತ್ತಾರೆ, ತಾರೀಖು ಆಮೇಲೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಇದನ್ನು ಉಲ್ಟಾ ಮಾಡಬೇಕು. ತಾರೀಖು ಮೊದಲು, ಊರು ಆಮೇಲೆ. ನನ್ನ ಅನುಭವದಲ್ಲಿ ಲೆಕ್ಕ ಕೆಡುವುದು ಊರಿನಿಂದ ಕಡಿಮೆ. ತಪ್ಪು ವಾರಕ್ಕೆ ಹೋಗುವುದು, ದಿನಕ್ಕೊಂದು ಊರು ಅಂತ ಓಡುವುದು, ಬಾಡಿಗೆ ಗಾಡಿ, ಇವು ಮೂರೇ ಕೆಡಿಸುವುದು.

ಊಟಿಯನ್ನೇ ನೋಡಿ. ಅಲ್ಲಿರುವ ರೂಮುಗಳ ಸಂಖ್ಯೆ ಮೇ ತಿಂಗಳಲ್ಲಿ ಜಾಸ್ತಿ ಆಗುವುದಿಲ್ಲ. ಆದರೆ ಕರ್ನಾಟಕ, ತಮಿಳುನಾಡು, ಕೇರಳ, ಮೂರು ಕಡೆಯೂ ಆಗ ಶಾಲೆಗೆ ರಜೆ. ರಾಯಚೂರಿನವರಿಗೂ ಸೆಖೆ, ಚೆನ್ನೈನವರಿಗೂ ಸೆಖೆ, ಎಲ್ಲರೂ ಒಂದೇ ಗುಡ್ಡ ಹತ್ತುತ್ತಾರೆ. ಗಾಡಿಗಳ ಕಾಟ ಎಷ್ಟಾಯಿತೆಂದರೆ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ಗಾಡಿಗಳಿಗೆ ಇ-ಪಾಸ್ ಮಾಡಿದರು. 2025ರ ಬೇಸಿಗೆಯಲ್ಲಿ ಊಟಿಗೆ ವಾರದ ದಿನ 6,000 ಗಾಡಿ, ಶನಿವಾರ ಭಾನುವಾರ 8,000 ಗಾಡಿ ಅಂತ ಮಿತಿಯನ್ನೂ ಹಾಕಿದರು. ನಾಲ್ಕು ತಿಂಗಳು ಬಿಟ್ಟು ಹೋದರೆ ಸಿಗುವ ರೇಟಿನ ಎರಡರಷ್ಟನ್ನು ಅದೇ ರೂಮಿಗೆ ಮೇನಲ್ಲಿ ಕೊಟ್ಟವರನ್ನು ನಾನು ನೋಡಿದ್ದೇನೆ. ಕೊಟ್ಟೂ ಅವರು ಜಾಸ್ತಿ ಹೊತ್ತು ನೋಡಿದ್ದು ಮುಂದಿನ ಬಸ್ಸಿನ ಬೆನ್ನನ್ನು.

ಈಗ ನಿಮ್ಮ 5,999ಕ್ಕೆ ಬರೋಣ. ನೀವು ಲೆಕ್ಕ ಬರೆಯುವವರು, ಗುಣಿಸಿ ನೋಡಲಿಲ್ಲವೇ? ಐದು ಜನಕ್ಕೆ 29,995. ಮಗನಿಗೆ ಸ್ವಲ್ಪ ಕಡಿಮೆ ಮಾಡಬಹುದು, ಅಷ್ಟೇ. ಇಂಥ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವುದು ಇಬ್ಬರು ಒಂದು ರೂಮಿನಲ್ಲಿ ಇದ್ದರೆ, ಸೀಸನ್ ಇಲ್ಲದಾಗ ಎಷ್ಟು ಅನ್ನೋ ರೇಟು. ಬಸ್ ಹೊರಡುವುದು ಹೆಚ್ಚಾಗಿ ಬೆಂಗಳೂರಿನಿಂದ. ಕಾರಟಗಿಯಿಂದ ಬೆಂಗಳೂರಿಗೆ ಹೋಗಿ ಬರುವ ಖರ್ಚು ನಿಮ್ಮದೇ. ಮಧ್ಯಾಹ್ನದ ಊಟ, ಬೋಟಿಂಗ್, ಎಂಟ್ರಿ ಟಿಕೆಟ್ ಕೂಡ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಇದನ್ನೆಲ್ಲ ಮೋಸ ಅನ್ನುವುದಕ್ಕೂ ಬರುವುದಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತಾರೆ, ನಾವು ಓದಿರುವುದಿಲ್ಲ ಅಷ್ಟೇ. ನಾನೂ ಅದೇ ಧಂದೆಯವನು, ನನಗೆ ಗೊತ್ತಿರಲ್ವಾ.

ಇನ್ನು ದೂರ. ನಿಮ್ಮೂರಿನಿಂದ ಊಟಿ ಸುಮಾರು 600 ಕಿಲೋಮೀಟರ್. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಸ್ವಲ್ಪ ತಡವಾಯಿತೆಂದರೆ ಗುಂಡ್ಲುಪೇಟೆಯಲ್ಲಿ ಇನ್ನೊಂದು ರೂಮಿನ ಖರ್ಚು. ಮೊಣಕಾಲು ನೋವಿರುವ ತಾಯಿಯನ್ನು ಅಷ್ಟು ದೂರ ಕೂರಿಸಿಕೊಂಡು ಹೋಗಿ, ಎರಡು ರಾತ್ರಿ ಇದ್ದು, ಮತ್ತೆ ಅಷ್ಟೇ ದೂರ ಬರುವುದು. ಊಟಿ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಈ ವರ್ಷ, ಈ ದುಡ್ಡಿಗೆ, ಈ ತಿಂಗಳಿಗೆ ಬೇಡ.

ಗೆಳೆಯನ ಕಾರು? ಇದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಸಿಕ್ಕಿಬಿದ್ದರೆ ದಂಡ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ಬಾಡಿಗೆಗೆ ಹೋಗಿದ್ದ ಖಾಸಗಿ ಗಾಡಿ ಅಪಘಾತವಾದರೆ ಕಂಪನಿಯವರು ಕ್ಲೇಮ್ ತಳ್ಳಿಹಾಕಬಹುದು. ಗೆಳೆಯ ಸುಮ್ನೆ ಕೊಟ್ಟರೆ ಬೇರೆ ಮಾತು, ಪೆಟ್ರೋಲ್ ಹಾಕಿಸಿಕೊಂಡು ಹೋಗಿ ಬನ್ನಿ. ದುಡ್ಡು ಕೊಟ್ಟು ತರುವುದಾದರೆ ಹಳದಿ ಬೋರ್ಡಿನದೇ ತನ್ನಿ. ಆದರೆ ಅದರ ಲೆಕ್ಕವನ್ನೂ ಕೇಳಿ. ಹೆಚ್ಚಿನವರು ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಅಂತ ಹಿಡಿಯುತ್ತಾರೆ, ಗಾಡಿ ಓಡಲಿ ನಿಲ್ಲಲಿ. ಏಳು ಸೀಟಿನ ಗಾಡಿಗೆ ಕಿಲೋಮೀಟರ್‌ಗೆ 15 ರೂಪಾಯಿ ಅಂತ ಇಟ್ಟುಕೊಳ್ಳಿ. ನಾಲ್ಕು ದಿನಕ್ಕೆ 18,000. ಅದರ ಮೇಲೆ ಡ್ರೈವರ್ ಬತ್ತಾ, ಟೋಲ್, ಪಾರ್ಕಿಂಗ್, ಬೇರೆ ರಾಜ್ಯವಾದರೆ ಅಲ್ಲಿನ ತೆರಿಗೆ. ಮೀಟರ್ ಶುರುವಾಗುವುದೂ ನಿಮ್ಮ ಮನೆಯಿಂದಲ್ಲ, ಗಾಡಿ ನಿಲ್ಲಿಸುವ ಶೆಡ್‌ನಿಂದ. ನಿಮ್ಮ ಟೂರಿನ ದುಡ್ಡೆಲ್ಲ ಡೀಸೆಲ್‌ಗೇ ಹೋಯಿತು. ಹತ್ತು ಹನ್ನೆರಡು ಜನ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡರೆ ತಲೆಗೆ ಬೀಳುವುದು ಕಡಿಮೆ. ಐದು ಜನಕ್ಕೆ ಹೊಂದುವುದಿಲ್ಲ.

ನಿಮ್ಮ ಮನೆಯಲ್ಲಿ ಇರುವ ದೊಡ್ಡ ಅನುಕೂಲ ನಿಮಗೇ ಕಂಡಿಲ್ಲ. ಐದರಲ್ಲಿ ಮೂವರು ಹೆಣ್ಣುಮಕ್ಕಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ತಾಯಿ, ಹೆಂಡತಿ, ಮಗಳು ಮೂವರಿಗೂ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮಗನಿಗೆ ಅರ್ಧ, ನಿಮಗೆ ಪೂರ್ತಿ. ಅಂದರೆ ಐದು ಜನದ ಟೂರು ಒಂದೂವರೆ ಟಿಕೆಟ್‌ನಲ್ಲಿ! ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ, ರಾಜ್ಯ ದಾಟಿ ಹೋಗುವ ಬಸ್ಸಿಗೂ ಇಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಸ್ಲೀಪರ್ ಹತ್ತಿ ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಮೂವರ ಆಧಾರ್ ಕಾರ್ಡನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಬ್ಯಾಗಿನ ತಳದಲ್ಲಿ ಬೇಡ.

ಇದಕ್ಕೇ ನಾನು ಗೋವಾ ಬೇಡ ಅನ್ನುವುದು. ನಿಮ್ಮ ಭಾಮೈದ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೊಪ್ಪಳದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ದೂಧ್‌ಸಾಗರ ಜಲಪಾತದ ಮುಂದೆಯೇ ಹಾದು ಗೋವಾಕ್ಕೆ ಹೋಗುತ್ತದೆ, ಸ್ಲೀಪರ್ ಟಿಕೆಟ್ ದುಬಾರಿಯೂ ಅಲ್ಲ. ಆದರೆ ಆ ರೈಲು ದಿನಾ ಇಲ್ಲ. ಇಳಿದ ಮೇಲೆ ಬೀಚ್‌ನಿಂದ ಬೀಚ್‌ಗೆ ಹೋಗಲು ಗೆಳೆಯರು ಸ್ಕೂಟಿ ಬಾಡಿಗೆ ತಗೊಳ್ಳುತ್ತಾರೆ, ಐದು ಜನದ ಸಂಸಾರ ತಗೊಳ್ಳುವುದಕ್ಕೆ ಆಗುತ್ತಾ? ಟ್ಯಾಕ್ಸಿಯೇ ಗತಿ. ಅವರು ಹುಡುಗರು ಹುಡುಗರು ಹೋಗಿ ಬಂದ ಲೆಕ್ಕ ಹೇಳಿದ್ದಾರೆ, ಬಿಡಿ.

ಹಾಗಾದರೆ ಎಲ್ಲಿಗೆ? ತಾರೀಖಿಗೇ ವಾಪಸ್ ಬರೋಣ. ನೀವು ರೈಸ್ ಮಿಲ್‌ನವರು. ತುಂಗಭದ್ರಾ ಡ್ಯಾಂನಿಂದ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್ ಮೇನಲ್ಲಿ ಭತ್ತದ ಲಾರಿ ಸಾಲುಗಟ್ಟಿರುತ್ತವೆ. ಆಗ ನಾಲ್ಕು ದಿನ ರಜೆ ಕೇಳಿದರೆ ಮಾಲೀಕರ ಮುಖ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಮುಂಗಾರು ಭತ್ತ ಬರುವುದು ನವೆಂಬರ್‌ಗೆ. ಅಕ್ಟೋಬರ್‌ನಲ್ಲಿ ಮಿಲ್ ಸ್ವಲ್ಪ ತಣ್ಣಗಿರುತ್ತದೆ, ಮಕ್ಕಳಿಗೆ ದಸರಾ ರಜೆಯೂ ಇರುತ್ತದೆ. ಮಳೆಗಾಲ ಹಿಂದೆ ಸರಿದಿರುತ್ತದೆ, ಘಟ್ಟ ಹಸಿರಾಗಿರುತ್ತದೆ. ದಸರಾ ಅಂದರೂ ರಶ್ಶೇ ಅಲ್ವಾ ಅಂತ ಕೇಳಬಹುದು. ಹೌದು, ಆಯುಧಪೂಜೆ, ವಿಜಯದಶಮಿ, ಅದಕ್ಕೆ ಅಂಟಿಕೊಂಡ ಶನಿವಾರ ಭಾನುವಾರ ಎಲ್ಲ ಕಡೆ ಜಾತ್ರೆ. ಹೇಗೂ ಬನ್ನಿ ಕೊಡುವ ದಿನ ನೀವು ಮನೆಯಲ್ಲೇ ಇರಬೇಕು. ರಜೆಯ ಉಳಿದ ದಿನಗಳಲ್ಲಿ ಸೋಮವಾರ ಹೊರಟು ಗುರುವಾರ ವಾಪಸ್ ಬರುವ ಹಾಗೆ ಇಟ್ಟುಕೊಳ್ಳಿ. ಲಾಡ್ಜ್‌ನವನಿಗೆ ಮಂಗಳವಾರ ಖಾಲಿ ಉಳಿದ ರೂಮಿನಿಂದ ಒಂದು ಪೈಸೆ ಬರುವುದಿಲ್ಲ, ಅದಕ್ಕೇ ಮಂಗಳವಾರ ಚೌಕಾಸಿಗೆ ಬಗ್ಗುತ್ತಾನೆ. ಶನಿವಾರ ಅವನು ನಿಮ್ಮ ಮುಖವನ್ನೂ ನೋಡುವುದಿಲ್ಲ. ಕೊನೆ ಗಳಿಗೆಯಲ್ಲಿ ಬುಕ್ ಮಾಡಿದರೆ ಅಗ್ಗ ಅನ್ನೋ ಮಾತು ಹುಟ್ಟಿದ್ದು ಇಂಥ ಮಂಗಳವಾರಗಳಿಂದ. ಮೇ ತಿಂಗಳ ಊಟಿಯಲ್ಲಿ ಅದನ್ನು ನಂಬಿಕೊಂಡು ಹೋದರೆ ಬಸ್ ಸ್ಟ್ಯಾಂಡಿನಲ್ಲೇ ರಾತ್ರಿ ಕಳೆಯಬೇಕಾಗುತ್ತದೆ.

ತಾರೀಖು ಅಕ್ಟೋಬರ್ ಅಂತಾದರೆ, ನನ್ನ ಆಯ್ಕೆ ಮುರುಡೇಶ್ವರ. ಹೆಂಡತಿಗೆ ಸಮುದ್ರ, ತಾಯಿಗೆ ಈಶ್ವರ, ಮಕ್ಕಳಿಗೆ 123 ಅಡಿಯ ಶಿವನ ಮೂರ್ತಿ, ಎಲ್ಲ ಒಂದೇ ಕಡೆ. ಗೋಪುರ ಅಷ್ಟು ಎತ್ತರ ಇದ್ದರೂ ಲಿಫ್ಟ್ ಇದೆ, ನಿಮ್ಮ ತಾಯಿ ಮೆಟ್ಟಿಲಿಲ್ಲದೆ ಮೇಲಿಂದ ಸಮುದ್ರ ನೋಡಬಹುದು. ಮೂರು ರಾತ್ರಿಯೂ ಒಂದೇ ರೂಮಿನಲ್ಲಿರಿ. ದಿನಾ ಬ್ಯಾಗ್ ಕಟ್ಟಿ ಊರು ಬದಲಾಯಿಸುವವರು ಆಟೋಗೆ, ಹೋಟೆಲಿಗೆ ಎರಡರಷ್ಟು ಸುರಿಯುತ್ತಾರೆ, ಮೂರನೇ ದಿನಕ್ಕೆ ಮಕ್ಕಳು ಅಳುತ್ತಾರೆ, ದೊಡ್ಡವರು ಸಿಟ್ಟಾಗುತ್ತಾರೆ.

ಒಂದು ದಿನ ಹೊನ್ನಾವರಕ್ಕೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಗೇರುಸೊಪ್ಪ ಘಟ್ಟ ಹತ್ತಿದರೆ ಜೋಗ ಸುಮಾರು 60 ಕಿಲೋಮೀಟರ್. ಇಲ್ಲೂ ತಾರೀಖಿನದೇ ಆಟ. ಶರಾವತಿಯ ನೀರನ್ನು ಜೋಗಕ್ಕಿಂತ ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟಿ ಕರೆಂಟ್‌ಗೆ ಬಳಸುತ್ತಾರೆ. ಬೇಸಿಗೆಯಲ್ಲಿ ಜಲಪಾತಕ್ಕೆ ಉಳಿಯುವುದು ದಾರದಷ್ಟು ನೀರು. ಅಂಗಡಿ ಶುರು ಮಾಡಿದ ಹೊಸದರಲ್ಲಿ ನಾನೇ ಒಂದು ಮನೆಯವರನ್ನು ಮೇ ತಿಂಗಳಲ್ಲಿ ಜೋಗಕ್ಕೆ ಕಳಿಸಿದ್ದೆ. ವಾಪಸ್ ಬಂದ ದಿನವೇ ಆ ಮನೆಯ ಹಿರಿಯರು ಅಂಗಡಿ ಮುಂದೆ ನಿಂತು, "ಬಂಡೆಗಲ್ಲು ನೋಡಾಕ ಅಷ್ಟು ದೂರ ಹೋಗಬೇಕಿತ್ತೇನ್ರೀ, ನಮ್ಮ ಗಂಗಾವತ್ಯಾಗ ಕಲ್ಲು ಕಡಿಮಿ ಅದಾವೇನು?" ಅಂದರು. ಅವತ್ತಿನಿಂದ ನಾನು ಊರಿನ ಹೆಸರಿಗಿಂತ ಮೊದಲು ತಿಂಗಳು ಕೇಳುತ್ತೇನೆ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲೂ ಜೋಗ ಕಣ್ತುಂಬ ಸಿಗುತ್ತದೆ, ಕಡಿಮೆ ಆದ ವರ್ಷ ಇಲ್ಲ. ಹೊರಡುವ ಹಿಂದಿನ ವಾರ ಆ ಕಡೆಯವರನ್ನು ಯಾರನ್ನಾದರೂ ಕೇಳಿ, ನೀರಿಲ್ಲ ಅಂದರೆ ಆ ದಿನವನ್ನೂ ಸಮುದ್ರಕ್ಕೇ ಕೊಡಿ. ನೀರು ನೋಡಲು ಮೇಲಿನಿಂದ ನಿಂತರೆ ಸಾಕು, ಕೆಳಗಿಳಿಯುವ ಮೆಟ್ಟಿಲು ತಾಯಿಗೆ ಬೇಡವೇ ಬೇಡ.

ಸಮುದ್ರದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆಯ ಮಕ್ಕಳಿಗೆ ಕಾಲುವೆ ಗೊತ್ತು, ಬಾವಿ ಗೊತ್ತು, ಅಲೆ ಗೊತ್ತಿಲ್ಲ. ಕಾಲುವೆಯಲ್ಲಿ ಈಜು ಬಂದವನೂ ಸಮುದ್ರದ ಹಿಂದೆಳೆತಕ್ಕೆ ಸಿಕ್ಕಿದರೆ ಕಷ್ಟ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲೇ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಕೆಂಪು ಬಾವುಟ ಇದ್ದರೆ ಕಾಲೂ ಇಡಬೇಡಿ. ಮಕ್ಕಳಿಗೆ ನೀರಾಡಲೇಬೇಕು ಅಂದರೆ ಹೊನ್ನಾವರದ ಹತ್ತಿರ ಕಾಸರಕೋಡು ಬೀಚ್ ಇದೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕ ಬೀಚು. ಬಟ್ಟೆ ಬದಲಾಯಿಸುವ ಜಾಗ, ಶೌಚಾಲಯ ಎಲ್ಲ ಇರುವುದರಿಂದ ಹೆಣ್ಣುಮಕ್ಕಳಿಗೆ ಒದ್ದಾಟ ಇಲ್ಲ. ಅಲ್ಲೂ ಮಂಡಿವರೆಗಿನ ನೀರು ಸಾಕು.

ಹೋಗುವ ದಾರಿ: ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಒಂದೇ ಬಸ್ಸಿಗೆ ಕಾಯಬೇಡಿ, ಹುಬ್ಬಳ್ಳಿಯಲ್ಲಿ ಇಳಿದು ಬದಲಾಯಿಸಿ. ಉಚಿತ ಬಸ್ಸಿನ ಕಷ್ಟ ಏನೆಂದರೆ ರಶ್ಶು. ಬಸ್ ಶುರುವಾಗುವ ನಿಲ್ದಾಣದಲ್ಲೇ ಹತ್ತಿದರೆ ತಾಯಿಗೆ ಸೀಟು ಸಿಗುತ್ತದೆ, ನಡುದಾರಿಯಲ್ಲಿ ಕೈ ಮಾಡಿ ಹತ್ತಿದರೆ ಹುಬ್ಬಳ್ಳಿವರೆಗೂ ಕಂಬಿ. ತಾಯಿಯ ಮೊಣಕಾಲು ನೋಡಿದರೆ ಕಾರಟಗಿಯಿಂದ ಹುಬ್ಬಳ್ಳಿವರೆಗೆ ರೈಲೇ ವಾಸಿ ಅನ್ನಿಸುತ್ತದೆ. ರೈಲಿಗೆ ಶಕ್ತಿ ಇಲ್ಲ, ಎಲ್ಲರಿಗೂ ಟಿಕೆಟ್ ತೆಗೆಯಬೇಕು. ಆದರೆ ಎದ್ದು ಓಡಾಡಬಹುದು, ಶೌಚಾಲಯ ಇರುತ್ತದೆ. ಹಿರಿಯ ನಾಗರಿಕರ ರಿಯಾಯಿತಿ ಲೆಕ್ಕಕ್ಕೆ ಹಿಡಿಯಬೇಡಿ, ಅದನ್ನು 2020ರ ಮಾರ್ಚ್‌ನಲ್ಲೇ ನಿಲ್ಲಿಸಿದ್ದಾರೆ.

ರಾತ್ರಿ ಬಸ್ ಹಿಡಿದರೆ ಒಂದು ರೂಮಿನ ಬಾಡಿಗೆ ಉಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಅದರಲ್ಲಿ ನಂಬಿಕೆ ಇಲ್ಲ. ಬೆಳಿಗ್ಗೆ ಐದಕ್ಕೆ ಇಳಿಯುತ್ತೀರಿ, ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ನಡುವೆ ಸ್ನಾನಕ್ಕೆ ಅಂತ ಇನ್ನೊಂದು ಸಣ್ಣ ರೂಮಿನ ದುಡ್ಡು, ನಿದ್ದೆಗೆಟ್ಟ ಮಕ್ಕಳು, ಕಾಲು ಬಾತುಕೊಂಡ ಅಜ್ಜಿ. ಬೆಳಕು ಹರಿಯುವಾಗ ಮನೆ ಬಿಡಿ, ಸಂಜೆ ಸೇರಿಕೊಳ್ಳಿ, ಯಲ್ಲಾಪುರದಿಂದಾಚೆಯ ಕಾಡು ನೋಡಿದ್ದೂ ಟೂರಿನಲ್ಲೇ ಸೇರುತ್ತದೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ. 20 ಸಾವಿರದಲ್ಲಿ 3 ಸಾವಿರ ಮುಟ್ಟಲೇಬಾರದು, ಜ್ವರ ಗಿರ ಬಂದರೆ ಇರಲಿ. ಉಳಿದಿದ್ದು 17 ಸಾವಿರ. ನಾಲ್ಕು ಹಾಸಿಗೆಯ ಫ್ಯಾಮಿಲಿ ರೂಮ್ ವಾರದ ದಿನ 1,800 ಅಂತ ಹಿಡಿದರೆ ಮೂರು ರಾತ್ರಿಗೆ 5,400, ಅದಕ್ಕೆ 5% ಜಿಎಸ್‌ಟಿ ಸೇರಿ 5,670. ಓಡಾಟಕ್ಕೆ, ರೈಲು, ಬಸ್, ಆಟೋ ಎಲ್ಲ ಸೇರಿ 3 ಸಾವಿರ. ಊಟ ತಿಂಡಿಗೆ ತಲೆಗೆ ದಿನಕ್ಕೆ 300ರಂತೆ ನಾಲ್ಕು ದಿನಕ್ಕೆ 6 ಸಾವಿರ. ಟಿಕೆಟ್ಟು, ಐಸ್‌ಕ್ರೀಮು, ಮಕ್ಕಳ ಚಿಕ್ಕಪುಟ್ಟ ಆಸೆಗೆ 2 ಸಾವಿರ. ಒಟ್ಟು 16,670. ನಿಮ್ಮ ತಾಯಿ ಹೇಗೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬರುತ್ತಾರೆ, ಬೇಡ ಅನ್ನಬೇಡಿ. ಸೋನಾ ಮಸೂರಿ ಉಂಡು ಬೆಳೆದ ಮಕ್ಕಳಿಗೆ ಕರಾವಳಿಯ ಕುಚ್ಚಲಕ್ಕಿ ಎರಡನೇ ದಿನಕ್ಕೇ ಸಾಕಾಗುತ್ತದೆ, ಆಗ ಆ ರೊಟ್ಟಿಗೆ ಬೆಲೆ ಬರುತ್ತದೆ.

ರೂಮು ಕೇಳುವಾಗ ಐದು ಜನ ಅಂತ ಮೊದಲೇ ಹೇಳಿ. ಎಷ್ಟೋ ಲಾಡ್ಜ್‌ಗಳು 13 ವರ್ಷದ ಮಗಳನ್ನು ದೊಡ್ಡವರ ಲೆಕ್ಕಕ್ಕೇ ಸೇರಿಸುತ್ತವೆ, ಮುಚ್ಚಿಟ್ಟರೆ ಹೋದ ಮೇಲೆ ಎರಡು ರೂಮು ತಗೊಳ್ಳಿ ಅನ್ನುತ್ತಾರೆ. ಕೆಳಗಿನ ಮಹಡಿ, ವೆಸ್ಟರ್ನ್ ಕಮೋಡ್ ಇದೆಯಾ ಕೇಳಿ. ಇಂಟರ್ನೆಟ್‌ನಲ್ಲಿ ಸಿಕ್ಕ ನಂಬರಿಗೆ ಕ್ಯೂಆರ್ ಕೋಡ್‌ನಿಂದ ಪೂರ್ತಿ ದುಡ್ಡು ಹಾಕಬೇಡಿ. ದೇವಸ್ಥಾನಗಳ ವಸತಿಗೃಹದ ಹೆಸರಿನಲ್ಲೇ ನಕಲಿ ವೆಬ್‌ಸೈಟ್ ಮಾಡಿಕೊಂಡು ಕೂತವರಿದ್ದಾರೆ. ಹಾಗೇನಾದರೂ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಕ್ಟೋಬರ್ ಅಂದಾಗ ಇನ್ನೊಂದು ಲಾಭ ಇದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು, ತಿಂಗಳಿಗೆ 1,400 ಎತ್ತಿಟ್ಟರೆ 8,400. ಕೈಗಡದ ಮಾತೇ ಬೇಡ. ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆಗಂತೂ ತಿರುಗಿಯೂ ನೋಡಬೇಡಿ.

ಆದರೆ ಮಕ್ಕಳಿಗೆ ಮೇನಲ್ಲಿ ಏನು ಹೇಳುವುದು? ಆಗಲೂ ಒಂದು ರಾತ್ರಿಯ ಪುಟ್ಟ ಟೂರು ಮಾಡಿ. ಹಂಪಿ ನೋಡಿದ್ದೇವೆ ಬಿಡಿ ಅಂತ ನಮ್ಮ ಕಡೆಯವರು ಎಲ್ಲರೂ ಹೇಳುತ್ತಾರೆ. ನೋಡಿರುವುದು ಯಾರದೋ ಮದುವೆಗೆ ಹೋದಾಗ ವಿರೂಪಾಕ್ಷನ ಗುಡಿ, ಅಷ್ಟೇ. ಕಮಲಾಪುರದಲ್ಲಿ ಉಳಿದುಕೊಂಡು ಬೆಳಿಗ್ಗೆ ಆರಕ್ಕೇ ಎದ್ದು ಹೊರಡಿ, ಹತ್ತರೊಳಗೆ ರೂಮಿಗೆ ಬಂದುಬಿಡಿ. ಬಿಸಿಲಿಗೆ ಬಂಡೆ ಕಾದ ಮೇಲೆ ಅಲ್ಲಿ ನಿಲ್ಲಲು ಆಗುವುದಿಲ್ಲ. ವಿಜಯವಿಠ್ಠಲ ದೇವಸ್ಥಾನಕ್ಕೆ 40 ರೂಪಾಯಿ ಟಿಕೆಟ್, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಅಂದರೆ ನಿಮಗೆ 120. ಅಲ್ಲಿಗೆ ಬ್ಯಾಟರಿ ಗಾಡಿ ಇರುವುದರಿಂದ ತಾಯಿ ಜಾಸ್ತಿ ನಡೆಯಬೇಕಿಲ್ಲ. ಇಳಿಹೊತ್ತಿಗೆ ದರೋಜಿ ಕರಡಿಧಾಮ. ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಕರಡಿಗಳು ಮರಿ ಬೆನ್ನಿಗೇರಿಸಿಕೊಂಡು ಇಳಿದು ಬರುವುದನ್ನು ನೋಡಿದರೆ ನಿಮ್ಮ ಮಗ ಊಟಿಯನ್ನು ಸ್ವಲ್ಪ ದಿನ ಮರೆಯುತ್ತಾನೆ.

ತಾಯಿಯ ಧರ್ಮಸ್ಥಳವನ್ನು ಈ ಟೂರಿಗೆ ಸೇರಿಸಲು ಹೋಗಬೇಡಿ. ಮುರುಡೇಶ್ವರದಿಂದ ಅದು ಮತ್ತೆ ಸುಮಾರು 200 ಕಿಲೋಮೀಟರ್. ಅಲ್ಲಿ ಊಟ ಉಚಿತ, ವಸತಿ ಅಗ್ಗ, ಖರ್ಚಿನ ಭಯ ಇಲ್ಲ, ಬೇಕಾದರೆ ಇನ್ನೊಮ್ಮೆ ಅತ್ತೆ ಸೊಸೆ ಇಬ್ಬರೇ ಉಚಿತ ಬಸ್ಸಿನಲ್ಲಿ ಹೋಗಿ ಬರಬಹುದು. ಆದರೆ ಅವರು ಧರ್ಮಸ್ಥಳ ಅಂದಿದ್ದು ಸುಮ್ನೆ ಅಂದಿದ್ದಾ, ಇಲ್ಲ ಮನಸ್ಸಿನಲ್ಲಿ ಯಾವುದಾದರೂ ಹಳೇ ಹರಕೆ ಇದೆಯಾ ಅಂತ ಒಮ್ಮೆ ಕೇಳಿ. ಹರಕೆ ಇದ್ದರೆ ಮುರುಡೇಶ್ವರ ಬಿಡಿ, ಐದೂ ಜನ ಅಲ್ಲಿಗೇ ಹೋಗಬೇಕಾಗುತ್ತದೆ. ನನಗೆ ಮತ್ತೆ ಬರೆಯಿರಿ, ಆ ಲೆಕ್ಕವನ್ನೂ ಹಾಕಿಕೊಡುತ್ತೇನೆ.